ಸಾ ಮಿಲ್ ಕಟ್ ಪೀಸ್‌ಗಳಿಂದ ಸಣ್ಣ ಸಿಎನ್‌ಸಿಯಲ್ಲಿ ಮನೆಗೆ ಏನು ಮಾಡಬಹುದು? (ನೇಮ್ ಬೋರ್ಡ್ ಬೇಡ)

ಮಿಲ್‌ಪಕ್ಕದವ (ಶಿವಮೊಗ್ಗ)
ಎಲ್ಲರಿಗೂ ನಮಸ್ಕಾರ. ನಮ್ಮ ಹಿಂದಿನ ಬೀದಿಯಲ್ಲೇ ಸಾ ಮಿಲ್ ಇದೆ. ತೇಗ, ಹಲಸು, ಹೊನ್ನೆ, ಮತ್ತಿ ಎಲ್ಲದರ ಕಟ್ ಪೀಸ್ ಸೌದೆ ರೇಟಿಗೆ ಸಿಗುತ್ತದೆ. ಹೆಚ್ಚಿನವು ಗೇಣು ಅಗಲ, ಮೊಳ ಉದ್ದ. ನನ್ನ ಹತ್ತಿರ 3018 ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮೆಷೀನ್) ಇದೆ. ಅಂದರೆ ಉದ್ದ 300 ಮಿಮೀ, ಅಗಲ 180 ಮಿಮೀ, ಮೇಲೆ ಕೆಳಗೆ ಸುಮಾರು 45 ಮಿಮೀ ಓಡುತ್ತದೆ. ಕೊರೆಯುವ ಮೊನೆ, ಅಂದರೆ ಬಿಟ್ಟು, ತಿರುಗಿಸಲು 775 ಮೋಟರ್. ಇಲ್ಲಿಯವರೆಗೆ ನೇಮ್ ಬೋರ್ಡ್, ಗಣಪತಿ, ಮತ್ತೆ ನೇಮ್ ಬೋರ್ಡ್, ಮತ್ತೆ ಗಣಪತಿ. ಮನೆಯಲ್ಲಿ ಈಗ "ಗೋಡೆ ತುಂಬಿತು, ಅಡುಗೆಮನೆಗೆ ಏನಾದರೂ ಬರಲಿ" ಅನ್ನುತ್ತಿದ್ದಾರೆ.

ಎರಡು ಪ್ರಶ್ನೆ. ದಿನಾ ಬಳಸುವಂಥದ್ದು ಏನು ಮಾಡಬಹುದು? ಇನ್ನೊಂದು, ಈ ತುಂಡುಗಳೆಲ್ಲ ಸೊಟ್ಟ. ಕೆತ್ತನೆ ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಯಲ್ಲಿ ಗೀರು ಮಾತ್ರ. ನೀವೆಲ್ಲ ಇದಕ್ಕೆ ಏನು ಮಾಡುತ್ತೀರಿ?

ಸುಮ್ನೆಓದುವವ
ಮೊಬೈಲ್ ಸ್ಟ್ಯಾಂಡ್.

ಮಿಲ್‌ಪಕ್ಕದವ
ಮನೆಯಲ್ಲಿ ಮೊಬೈಲಿಗಿಂತ ಸ್ಟ್ಯಾಂಡೇ ಜಾಸ್ತಿ ಇದೆ ಗುರು.

ಉಳಿಬಾಚಿ (ಹಾಸನ)
ನಾನು ಬಡಗಿ. ತಾತನ ಕಾಲದಿಂದ ಇದೇ ಕೆಲಸ. ಒಂದು ಮಾತು ಕೇಳಿ, ಬೇಜಾರು ಮಾಡಿಕೊಳ್ಳಬೇಡಿ. ಈ ಗುಂಪಿನಲ್ಲಿ ಜನ ಹಾಕುವ ಫೋಟೋಗಳಲ್ಲಿ ಅರ್ಧಕ್ಕರ್ಧ ಆಯತಾಕಾರದ ಹಲಗೆ, ಅದಕ್ಕೆ ನಾಲ್ಕು ತೂತು. ಕೀ ಹಾಕುವ ಹಲಗೆ, ಬಾಗಿಲಿಗೆ ಬೆಣೆ, ಟವೆಲ್ ಗೂಟ. ಅದನ್ನು ಗರಗಸ ಮತ್ತು ಡ್ರಿಲ್ಲಿನಲ್ಲಿ ಟೀ ಆರುವುದರೊಳಗೆ ಮಾಡಬಹುದು. ನೀವು ಕಂಪ್ಯೂಟರಿನಲ್ಲಿ ಬರೆದು, ಮೆಷೀನಿಗೆ ಕಳಿಸಿ, ಮುಕ್ಕಾಲು ಮಿಲಿಮೀಟರ್ ಮುಕ್ಕಾಲು ಮಿಲಿಮೀಟರಾಗಿ ಕೊರೆಯುತ್ತಾ ಮಧ್ಯಾಹ್ನ ಕಳೆಯುತ್ತೀರಿ. ಬಾಗಿಲ ಬೆಣೆಗೆ ಜಿ-ಕೋಡ್ (ಮೆಷೀನಿಗೆ ಕೊಡುವ ಆಜ್ಞೆ) ಬರೆದವರನ್ನು ನೋಡಿದ್ದೇನೆ ಸ್ವಾಮಿ!

ಮೆಷೀನು ಬೇಡ ಅನ್ನುತ್ತಿಲ್ಲ. ಕೈಯಲ್ಲಿ ಕಷ್ಟವಾದದ್ದಕ್ಕೆ ಬಳಸಿ. ಗುಂಡಿ ತೋಡುವುದು, ಒಂದೇ ಅಳತೆಯ ಹತ್ತು ಕುಳಿ, ಎರಡೂ ಬದಿ ಸರಿ ಕೂರುವ ಅಚ್ಚು. ಉಳಿಯಲ್ಲಿ ಅವಕ್ಕೆ ನಿಜಕ್ಕೂ ದಿನಗಟ್ಟಲೆ ಬೇಕು.

ಜಿಕೋಡ್‌ಗಿರಿ (ಬೆಂಗಳೂರು)
ಬೆಣೆಗೆ ಜಿ-ಕೋಡ್ ಬರೆದವರಲ್ಲಿ ನಾನೂ ಒಬ್ಬ. ಇಳಿಜಾರು ಸರಿಯಾಗಿ 8 ಡಿಗ್ರಿ ಬಂದಿದೆ, ಬಾಗಿಲು ಅಲ್ಲಾಡುವುದಿಲ್ಲ 😄

ಹಳೇಫಿಟ್ಟರ್ (ಬೆಂಗಳೂರು)
ಮಿಲ್‌ಪಕ್ಕದವರ ಎರಡನೇ ಪ್ರಶ್ನೆ ಮೊದಲು. ಕಟ್ ಪೀಸ್ ಕೆಲಸದಲ್ಲಿ ಮುಕ್ಕಾಲು ಪಾಲು ಮರ ತಯಾರು ಮಾಡುವುದರಲ್ಲೇ ಇದೆ. ಮೆಷೀನ್ ಆನ್ ಮಾಡುವುದು ಕೊನೆಗೆ.

ಮೊದಲು ಮೆಷೀನಿನ ಮೇಜಿಗೆ ಒಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಸ್ಕ್ರೂ ಹಾಕಿ ಕೂರಿಸಿ. ಅದರ ಮೇಲ್ಮೈಯನ್ನು ಅದೇ ಮೆಷೀನಿನಿಂದ ಅರ್ಧ ಮಿಮೀ ಕೆರೆಸಿ. ಈಗ ಅದು ಬಿಟ್ಟು ಓಡುವ ದಾರಿಗೆ ಸರಿಯಾಗಿ ಸಮಾನಾಂತರ. ಆಮೇಲೆ ಮರದ ತುಂಡು. ಒಂದು ಮುಖವನ್ನು ಉಜ್ಜುಗೊರಡಿನಲ್ಲಿ ಸಮ ಮಾಡಿ. ಕೈ ಬರದಿದ್ದರೆ ದಪ್ಪ ಗಾಜಿನ ಮೇಲೆ ಉಪ್ಪು ಕಾಗದ ಅಂಟಿಸಿ ಉಜ್ಜಿ. ಆ ಮುಖ ಕೆಳಗಿಟ್ಟು ಮೇಲಿನ ಮುಖವನ್ನು ಮೆಷೀನಿನಲ್ಲೇ ಕೆರೆಸಿ. ಅಷ್ಟಾದರೆ ಆಳದ ಸಮಸ್ಯೆ ಹೋಯಿತು.

ಹಿಡಿಯಲು ಕ್ಲಾಂಪ್ ಜಾಗ ತಿನ್ನುತ್ತದೆ, ಸಣ್ಣ ತುಂಡಿಗಂತೂ ಆಗುವುದೇ ಇಲ್ಲ. ಮೇಜಿಗೊಂದು, ಮರಕ್ಕೊಂದು ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪಿನ ಬೆನ್ನುಗಳ ಮಧ್ಯೆ ಫೆವಿಕ್ವಿಕ್ ಹಾಕಿ ಒತ್ತಿ. ಗಟ್ಟಿಯಾಗಿ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಟೇಪ್ ಕಿತ್ತರೆ ಬರುತ್ತದೆ.

ವೇಗದ ಲೆಕ್ಕ ಬಾಯಿಪಾಠ ಬೇಡ, ಗುಣಿಸಿ. ನಿಮಿಷಕ್ಕೆ ಎಷ್ಟು ಸುತ್ತು, ಬಿಟ್ಟಿಗೆ ಎಷ್ಟು ಅಲಗು, ಒಂದು ಅಲಗು ಎಷ್ಟು ಮರ ತೆಗೆಯಬೇಕು. 10,000 ಸುತ್ತು, 2 ಅಲಗು, 0.03 ಮಿಮೀ ಅಂದರೆ ನಿಮಿಷಕ್ಕೆ 600 ಮಿಮೀ. ಈ ಸಣ್ಣ ಮೆಷೀನಿನಲ್ಲಿ 3.175 ಮಿಮೀ ಬಿಟ್ಟಿಗೆ ತೇಗದಲ್ಲಿ ಒಂದು ಸಲಕ್ಕೆ ಅರ್ಧದಿಂದ ಮುಕ್ಕಾಲು ಮಿಮೀ ಆಳ ಸಾಕು. ಹೆದರಿ ತುಂಬ ನಿಧಾನ ಓಡಿಸಿದರೆ ಬಿಟ್ಟು ಕತ್ತರಿಸುವ ಬದಲು ಉಜ್ಜುತ್ತದೆ, ಮರ ಕಪ್ಪಾಗುತ್ತದೆ, ಬಿಟ್ಟು ಮೊಂಡಾಗುತ್ತದೆ. ತೇಗದಲ್ಲಿ ಸಿಲಿಕಾ ಬೇರೆ ಇದೆ, ಮರಳಿನಂತೆ ಬಿಟ್ಟನ್ನು ಸವೆಸುತ್ತದೆ. ಗಟ್ಟಿಯಾದ ಕಾರ್ಬೈಡ್ ಬಿಟ್ಟೇ ಬಳಸಿ.

ಮಿಲ್‌ಪಕ್ಕದವ
ಸರ್, ಫೆವಿಕ್ವಿಕ್ ಉಪಾಯಕ್ಕೇ ಒಂದು ನಮಸ್ಕಾರ.

ಹುಬ್ಬಳ್ಳಿಮಂದಿ
ಹಳೇ ಬಾಗಿಲು, ಕಿಟಕಿ ಚೌಕಟ್ಟಿನ ಮರ ಆದರೆ ಮೊದಲು ಅಯಸ್ಕಾಂತ ಆಡಿಸಿ ನೋಡಿ ರೀ. ಒಳಗೆ ಮುರಿದ ಮೊಳೆ ಇರುತ್ತದೆ. ಬಿಟ್ಟು ಮುರಿದು ಹಾರಿದರೆ ಕಣ್ಣಿಗೇ ಬರುತ್ತದೆ. ಕನ್ನಡಕ ಇಲ್ಲದೆ ಮೆಷೀನ್ ಮುಂದೆ ಕೂರಬೇಡಿ.

ಸಾಗರದಕ್ಕ
ಉಳಿಬಾಚಿಯವರು ಅಚ್ಚು ಅಂದರಲ್ಲ, ಅದನ್ನೇ ಹೇಳೋಣ ಅಂತ ಬಂದೆ. ಸಕ್ಕರೆ ಅಚ್ಚು ಮಾಡಿ! ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಕೊಡುವುದಕ್ಕೆ. ನಮ್ಮ ಅಜ್ಜಿಯ ಮರದ ಅಚ್ಚಿನಲ್ಲಿ ಈಗ ಆನೆಗೆ ಸೊಂಡಿಲಿಲ್ಲ, ತುಳಸಿಕಟ್ಟೆ ಯಾವುದು ಗೋಪುರ ಯಾವುದು ಗೊತ್ತಾಗುವುದಿಲ್ಲ. ಹೊಸದಾಗಿ ಕೆತ್ತಿಕೊಡುವವರು ನಮ್ಮ ಕಡೆ ಸಿಗುತ್ತಿಲ್ಲ.

ಮಾಡುವವರಿಗೆ ಕೆಲವು ವಿಷಯ. ಅಚ್ಚು ಎರಡು ಹೋಳು, ನಡುವೆ ಆಕಾರ, ಮೇಲೆ ಪಾಕ ಹೊಯ್ಯಲು ತೂತು. ಹೊಯ್ಯುವ ಮುಂಚೆ ಅಚ್ಚನ್ನು ನೀರಿನಲ್ಲಿ ನೆನೆಸುತ್ತೇವೆ, ಇಲ್ಲದಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎರಡು ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯುತ್ತೇವೆ. ಹಾಗಾಗಿ ಪಾಲಿಶ್, ವಾರ್ನಿಶ್ ಯಾವುದೂ ಬೇಡ. ಒಳಗಿನ ಗೋಡೆ ನೆಟ್ಟಗಿರಬಾರದು, ಹೊರಕ್ಕೆ ಸ್ವಲ್ಪ ಓರೆಯಿರಬೇಕು. ಇಲ್ಲಾಂದ್ರೆ ಅಚ್ಚು ಬಿಡಿಸುವಾಗ ಆನೆಯ ಕಿವಿ ಅಲ್ಲೇ ಉಳಿಯುತ್ತದೆ.

ಸುಮ್ನೆಓದುವವ
ಅಂಗಡಿಯಲ್ಲಿ ಸಿಲಿಕಾನ್ ಅಚ್ಚು ಸಿಗುತ್ತದಲ್ಲ ಅಕ್ಕ?

ಸಾಗರದಕ್ಕ
ಸಿಗುತ್ತದೆ. ಅದರಲ್ಲಿ ಕರಡಿ, ಹೃದಯ, ಕಪ್ ಕೇಕ್ ಬರುತ್ತವೆ. ಸಂಕ್ರಾಂತಿಗೆ ಟೆಡ್ಡಿ ಬೇರ್ ಕೊಡಲಾ?

ಜಿಕೋಡ್‌ಗಿರಿ
ಅಕ್ಕ ಹೇಳಿದ ಓರೆಗೆ ತಕ್ಕ ಬಿಟ್ಟೇ ಇದೆ. ಟೇಪರ್ಡ್ ಬಾಲ್ ನೋಸ್ ಅಂತ ಕೇಳಿ. ತುದಿ ಗುಂಡಗೆ, ಮೇಲಕ್ಕೆ ಹೋದಂತೆ ದಪ್ಪ. ಅದು ಇಳಿದಲ್ಲೆಲ್ಲ ಓರೆ ತಾನಾಗಿ ಬರುತ್ತದೆ. ಎರಡನೇ ಹೋಳಿಗೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು ಮರೆಯಬೇಡಿ. ಎರಡೂ ಹೋಳಿನಲ್ಲಿ ಒಂದೇ ಜಾಗಕ್ಕೆ ಎರಡು ತೂತು ಕೊರೆಸಿ, ಒಂದು ಹೋಳಿಗೆ ಬಿದಿರಿನ ಕಡ್ಡಿ ಬಡಿದುಬಿಡಿ. ಜೋಡಿಸುವಾಗ ಜರುಗುವುದಿಲ್ಲ. ಚಿತ್ರ ಇಂಕ್‌ಸ್ಕೇಪ್‌ನಲ್ಲಿ ಬರೆದು ಫ್ರೀಕ್ಯಾಡ್‌ನಲ್ಲಿ ಬಿಟ್ಟು ಓಡುವ ದಾರಿ ಹಾಕಬಹುದು, ಎರಡೂ ಉಚಿತ ಸಾಫ್ಟ್‌ವೇರ್.

ಉಳಿಬಾಚಿ
ಯಾವ ಮರ ಅನ್ನುವುದನ್ನು ಯಾರೂ ಹೇಳಲಿಲ್ಲ. ಹೊನ್ನೆ ಮುಟ್ಟಬೇಡಿ. ಹೊನ್ನೆ ಲೋಟದಲ್ಲಿ ನೀರಿಟ್ಟರೆ ಬೆಳಿಗ್ಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬಿಸಿಲಿಗೆ ಹಿಡಿದರೆ ನೀಲಿ ಹೊಳೆಯುತ್ತದೆ. ನೆನೆಸಿದ ಅಚ್ಚಿಗೆ ಬಿಳಿ ಸಕ್ಕರೆ ಹೊಯ್ದರೆ ಏನಾಗುತ್ತದೆ ನೀವೇ ಊಹಿಸಿ. ಬಣ್ಣ ಬಿಡದ, ಎಳೆ ಬಿಗಿಯಾದ ಮರ ಬೇಕು. ಅನುಮಾನ ಇದ್ದರೆ ತುಂಡನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ನೀರು ನೋಡಿ. ಇಷ್ಟೇ ಪರೀಕ್ಷೆ.

ಆಲೆ ಮರ ಸಿಕ್ಕರೆ ಬಿಡಬೇಡಿ. ಬೆಳ್ಳಗಿರುತ್ತದೆ, ಉಳಿಗೂ ಬಿಟ್ಟಿಗೂ ಬೆಣ್ಣೆ.

ಚನ್ನಪಟ್ಟಣದಹುಡ್ಗ
ಆಲೆ ಮರದ ಹೆಸರು ಕೇಳಿ ಬಂದೆ 🙂 ನಮ್ಮೂರಿನ ಬೊಂಬೆಗಳ ಮರ ಅದೇ. ಒಂದು ವಿಷಯ ಹೇಳಿಬಿಡುತ್ತೇನೆ. ಗುಂಡಗಿರುವುದನ್ನು ಈ ಮೆಷೀನಿನಲ್ಲಿ ಮಾಡಲು ಹೋಗಬೇಡಿ. ಲಟ್ಟಣಿಗೆ, ಕಡಗೋಲು, ಬುಗುರಿ ಎಲ್ಲ ಲೇತಿನ ಕೆಲಸ. ಲೇತಿನಲ್ಲಿ ಮರ ತಿರುಗುತ್ತದೆ, ಸಿಎನ್‌ಸಿಯಲ್ಲಿ ಬಿಟ್ಟು ತಿರುಗುತ್ತದೆ. ಅರಗಿನ ಬಣ್ಣವೂ ಅಷ್ಟೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅದು ಕರಗಿ ಹಿಡಿಯುತ್ತದೆ. ಚಪ್ಪಟೆ ಹಲಗೆಗೆ ಹಾಗೆ ಮಾಡಲು ಬರುವುದಿಲ್ಲ. ಲಟ್ಟಣಿಗೆ ಬೇಕಾದರೆ ನಮ್ಮೂರಿಗೇ ಬನ್ನಿ, ನಾಲ್ಕು ಕಾಸು ಕೆಲಸಗಾರರಿಗೂ ಸಿಗಲಿ.

ಉಳಿಬಾಚಿ
ಸರಿಯಾಗಿ ಹೇಳಿದೆ ತಮ್ಮ.

ಕಡಲತಡಿ (ಮಂಗಳೂರು)
ಚೆನ್ನೆಮಣೆ ಯಾರಿಗೂ ನೆನಪಾಗಲಿಲ್ಲವಾ ಮಾರಾಯ್ರೆ? ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಕುಳಿ. ನಿಮ್ಮ ಕಡೆ ಅಳಗುಳಿಮಣೆ ಅನ್ನುತ್ತೀರಿ. ಆಟಿ ತಿಂಗಳ ಮಳೆಗೆ ಮನೆಯೊಳಗೆ ಕೂತು ಆಡುವ ಆಟ. ಒಂದೇ ಅಳತೆಯ ಹದಿನಾಲ್ಕು ಕುಳಿ ಅಂದರೆ ಸಿಎನ್‌ಸಿಗೆ ಹೇಳಿ ಮಾಡಿಸಿದ ಕೆಲಸ. ಮಕ್ಕಳ ಕೈಯಿಂದ ಮೊಬೈಲ್ ಇಳಿಯುತ್ತದೆ, ಸ್ಟ್ಯಾಂಡಿನದೂ ಅಗತ್ಯ ಇಲ್ಲ.

ಮಿಲ್‌ಪಕ್ಕದವ
ಇದು ಭಾರಿ ಇಷ್ಟವಾಯಿತು. ಆದರೆ 300 ಮಿಮೀಯಲ್ಲಿ ಏಳು ಕುಳಿ ಹಿಡಿಯುತ್ತದಾ?

ಜಿಕೋಡ್‌ಗಿರಿ
ಹಿಡಿಯುತ್ತದೆ. ಕುಳಿ 36 ಮಿಮೀ ಅಗಲ, ನಡುವಿನಿಂದ ನಡುವಿಗೆ 42 ಮಿಮೀ. ಆರು ಸಲ 42 ಅಂದರೆ 252, ಅದಕ್ಕೆ 36 ಕೂಡಿಸಿದರೆ 288. ಕುಳಿಗಳ ನಡುವೆ 6 ಮಿಮೀ ಗೋಡೆ. ಆಳ 12 ಮಿಮೀ ಕೊಟ್ಟರೆ 20 ಮಿಮೀ ಹಲಗೆ ಸಾಕು. ಮೊದಲು ಚಪ್ಪಟೆ ಬಿಟ್ಟಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಡಿ, ಆಮೇಲೆ ಬಾಲ್ ನೋಸ್‌ನಲ್ಲಿ ನಯ ಮಾಡಿ.

ಕಡಲತಡಿ
36 ಮಿಮೀ ಗೊಂಬೆಯಾಟದ ಮಣೆ ಆಯಿತು. ಶುರುವಿಗೆ ಕುಳಿಗೆ ನಾಲ್ಕು ಕಾಯಿ ಹಾಕುತ್ತೇವೆ, ಸರಿ. ಆಟ ಸಾಗಿದ ಮೇಲೆ ಒಂದೊಂದು ಕುಳಿಯಲ್ಲಿ ರಾಶಿ ಬೀಳುತ್ತದೆ. ದೊಡ್ಡವರ ಬೆರಳು ಒಳಗೆ ಹೋಗಿ ಕಾಯಿ ಬಾಚಿಕೊಂಡು ಬರಬೇಕು. 50 ಮಿಮೀ ಇಲ್ಲದಿದ್ದರೆ ಚಂದ ಇಲ್ಲ.

ಹಳೇಫಿಟ್ಟರ್
50 ಮಿಮೀ ಕೂಡ ಮಾಡಬಹುದು, ಮೆಷೀನ್ ಬದಲಿಸುವುದು ಬೇಡ. 3018ರಲ್ಲಿ ಮೇಜು 180 ಮಿಮೀ ದಿಕ್ಕಿಗೆ ಮುಂದೆ ಹಿಂದೆ ಓಡುತ್ತದೆ, ಆ ದಿಕ್ಕಿನಲ್ಲಿ ಎರಡೂ ಕಡೆ ತೆರೆದಿದೆ. ಹಲಗೆಯನ್ನು ಆ ದಿಕ್ಕಿಗೆ ಉದ್ದವಾಗಿ ಇಡಿ. ನಡುವಿನಿಂದ ನಡುವಿಗೆ 55 ಮಿಮೀ ಅಂದುಕೊಳ್ಳಿ. ಮೂರು ಕುಳಿಗೆ 160 ಮಿಮೀ, ಒಂದು ಸಲದ ಓಟದಲ್ಲಿ ಆಗುತ್ತದೆ. ಎರಡೂ ಸಾಲು ಒಟ್ಟಿಗೆ ಅಂದರೆ ಆರು ಕುಳಿ. ಆಮೇಲೆ ಹಲಗೆಯನ್ನು ಸರಿಯಾಗಿ 165 ಮಿಮೀ ಸರಿಸಿ ಮತ್ತೆ ಅದೇ ಪ್ರೋಗ್ರಾಂ. ಕೊನೆಗೆ ಉಳಿದ ಒಂದು ಜೋಡಿ.

ಸರಿಸುವಾಗ ಟೇಪು ನಂಬಬೇಡಿ. ಎಂಡಿಎಫ್ ಹಲಗೆಯಲ್ಲಿ 165 ಮಿಮೀ ಅಂತರಕ್ಕೆ ಗೂಟದ ತೂತುಗಳನ್ನು ಮೆಷೀನಿನಿಂದಲೇ ಕೊರೆಸಿ. ಮಣೆಯ ತಳದಲ್ಲೂ ಅದೇ ಅಂತರಕ್ಕೆ ಅರೆ ಆಳದ ತೂತು. ಗೂಟಕ್ಕೆ ಕೂರಿಸಿದರೆ ತಾನಾಗಿ ಜಾಗಕ್ಕೆ ಬರುತ್ತದೆ. ಹೊರಗೆ ಚಾಚಿದ ತುದಿಗೆ ಮೇಜಿನ ಜೊತೆಗೇ ಓಡುವಂತೆ ಒಂದು ಪಟ್ಟಿ ಆಸರೆ ಕೊಡಿ, ಇಲ್ಲದಿದ್ದರೆ ಮೂಗು ಕೆಳಗೆ ಬೀಳುತ್ತದೆ.

ಕಡಲತಡಿ
ಫಿಟ್ಟರ್ ಅಂದ್ರೆ ಫಿಟ್ಟರೇ.

ಕಾಫಿತೋಟ (ಮೂಡಿಗೆರೆ)
ನಮ್ಮಲ್ಲಿ ಸಿಲ್ವರ್ ಓಕ್ ಚೂರು ಬೇಕಾದಷ್ಟು. ನೋಡಲು ತುಂಬ ಚೆನ್ನಾಗಿದೆ, ಮೀನಿನ ಪೊರೆಯಂಥ ಎಳೆ. ಆದರೆ ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಯೆಲ್ಲ ತುರಿಕೆ. ಮೊದಲ ಸಲ ಮಾಡುವವರು ತೋಳು ಮುಚ್ಚಿಕೊಂಡು ಕೆಲಸ ಮಾಡಿ. ಬೀಟೆ ಪುಡಿಯೂ ಹಾಗೆಯೇ.

ಇನ್ನೊಂದು, ನಮ್ಮ ಕಡೆ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಉಬ್ಬುವುದು ಎಳೆಗೆ ಅಡ್ಡ ದಿಕ್ಕಿಗೆ, ಉದ್ದಕ್ಕೆ ಅಲ್ಲವೇ ಅಲ್ಲ ಅನ್ನಬಹುದು. ಬೇಸಿಗೆಯಲ್ಲಿ ಬಿಗಿಯಾಗಿ ಕೂರುವ ಮುಚ್ಚಳ ಮಾಡಿದರೆ ಜುಲೈಯಲ್ಲಿ ತೆಗೆಯಲು ಬರುವುದಿಲ್ಲ. ಉಪ್ಪಿನ ಡಬ್ಬಿ ಮಾಡುವವರಿಗೆ ಈ ಮಾತು.

ಸಾಗರದಕ್ಕ
ಉಪ್ಪಿನ ಡಬ್ಬಿಗೆ ಬಿಗಿ ಮುಚ್ಚಳ ಯಾಕೆ, ಮೇಲೆ ಕೂರುವಂಥದ್ದು ಸಾಕು.

ಹುಬ್ಬಳ್ಳಿಮಂದಿ
ಬಿಸಿ ಪಾತ್ರೆ ಇಡುವ ಮಣೆ ಮಾಡಿ, ಭಾಳ ಸುಲಭ. 16 ಮಿಮೀ ದಪ್ಪದ ಹಲಗೆ. ಮೇಲಿನ ಮುಖದಲ್ಲಿ ಉದ್ದಕ್ಕೆ ಸಾಲು ಸಾಲು ಗಾಡಿ (ಉದ್ದ ತೋಡು) ಹೊಡೆಸಿ, ಆಳ ಎಂಟೂವರೆ ಮಿಮೀ. ಹಲಗೆ ಮಗುಚಿ, ಕೆಳಗಿನ ಮುಖದಲ್ಲಿ ಅಡ್ಡಕ್ಕೆ ಅಷ್ಟೇ ಆಳದ ಸಾಲು. ಎರಡೂ ಅರ್ಧಕ್ಕಿಂತ ಜಾಸ್ತಿ ಆಳ ಇರುವುದರಿಂದ ದಾಟುವ ಕಡೆಯೆಲ್ಲ ತೂತು ಬಿದ್ದು ಜಾಲರಿ ಆಗುತ್ತದೆ. ಒಂದು ತುಂಡು, ಅಂಟಿಲ್ಲ, ಮೊಳೆಯಿಲ್ಲ. ನೋಡಿದವರು ಹೆಣೆದದ್ದು ಅಂದುಕೊಳ್ಳುತ್ತಾರೆ.

ಉಳಿಬಾಚಿ
ಇದನ್ನು ಕೈಯಲ್ಲಿ ಮಾಡು ಅಂದರೆ ನಾನೂ ಹಿಂದೆಮುಂದೆ ನೋಡುತ್ತೇನೆ. ಒಪ್ಪಿದೆ.

ಜಿಕೋಡ್‌ಗಿರಿ
ಅದನ್ನೇ ಸೋಪು ಇಡಲೂ ಬಳಸಬಹುದು. ತೇಗದಲ್ಲಿ ಮಾಡಿ, ಕೆಳಗೆ ನಾಲ್ಕು ಕಾಲು ಬಿಟ್ಟರೆ ಗಾಳಿಯಾಡುತ್ತದೆ.

ಸುಮ್ನೆಓದುವವ
ಪಾರ್ಸೆಲ್ ಬರುವ ಪ್ಯಾಕಿಂಗ್ ಮರ ಬಳಸಬಹುದಾ? ಫ್ಯಾಕ್ಟರಿ ಗೇಟಿನ ಹತ್ತಿರ ರಾಶಿ ಬಿದ್ದಿರುತ್ತದೆ.

ಹಳೇಫಿಟ್ಟರ್
ಮುದ್ರೆ ನೋಡಿ. ಹೊರದೇಶಕ್ಕೆ ಹೋಗಿಬರುವ ಪ್ಯಾಲೆಟ್ (ಸರಕು ಇಡುವ ಮರದ ಚೌಕಟ್ಟು) ಮೇಲೆ ಗೋಧಿ ತೆನೆಯ ಗುರುತು ಇರುತ್ತದೆ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ. ಎಚ್‌ಟಿ ಅಂದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರುವಂತೆ ಬಿಸಿ ಮಾಡಿದ್ದಾರೆ. ಅದು ಪರವಾಗಿಲ್ಲ. ಎಂಬಿ ಅಂದರೆ ಮಿಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು. ಅದು ಮನೆಗೇ ಬೇಡ. ಎಚ್‌ಟಿ ಇದ್ದರೂ ಅದರ ಮೇಲೆ ಯಾವ ಎಣ್ಣೆ, ಯಾವ ಕೆಮಿಕಲ್ ಚೆಲ್ಲಿದೆಯೋ ದೇವರಿಗೇ ಗೊತ್ತು. ಪೆನ್ ಸ್ಟ್ಯಾಂಡಿಗೆ ಸರಿ, ಅಡುಗೆಮನೆಗೆ ನಾನು ಒಪ್ಪುವುದಿಲ್ಲ.

ಮಿಲ್‌ಪಕ್ಕದವ
ಮಣೆಗೆ, ಸೌಟು ಇಡುವ ತಟ್ಟೆಗೆ ಏನು ಹಚ್ಚುತ್ತೀರಿ? ತೆಂಗಿನೆಣ್ಣೆ ಸಾಕಾ?

ಕಡಲತಡಿ
ತೆಂಗಿನೆಣ್ಣೆ ಸಾಕು. ನಮ್ಮ ಅಡುಗೆಮನೆಯ ಮರದ ಸಾಮಾನಿಗೆಲ್ಲ ಅದೇ.

ಹಳೇಫಿಟ್ಟರ್
ತೆಂಗಿನೆಣ್ಣೆ ಒಣಗುವ ಎಣ್ಣೆ ಅಲ್ಲ. ಹಚ್ಚಿದ ದಿನ ಚೆನ್ನ, ಆಮೇಲೆ ಧೂಳು ಹಿಡಿಯುತ್ತದೆ, ಕಮಟು ವಾಸನೆ ಬರಬಹುದು. ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ, ಅದು ಕೆಡುವುದಿಲ್ಲ. ನಾಲ್ಕು ಪಾಲು ಅದು, ಒಂದು ಪಾಲು ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಹಚ್ಚಿ.

ಕಡಲತಡಿ
ದಿನಾ ಬಳಸಿ ದಿನಾ ತೊಳೆಯುವುದಕ್ಕೆ ಕಮಟು ಎಲ್ಲಿ ಬರಬೇಕು? ಶೋಕೇಸಿನಲ್ಲಿಟ್ಟರೆ ಬರುತ್ತದೆ, ಒಪ್ಪುತ್ತೇನೆ.

ಉಳಿಬಾಚಿ
ಅಗಸೆ ಎಣ್ಣೆ ಒಣಗುತ್ತದೆ. ಆದರೆ ಪೇಂಟ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಉಪ್ಪು ಬೆರೆಸಿರುತ್ತಾರೆ, ಅಡುಗೆಮನೆಗೆ ಬೇಡ. ಯಾವುದೇ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ, ಹರಡಿ ಒಣಗಿಸಿ. ಇದು ತಮಾಷೆಯಲ್ಲ.

ಹೊಸಬೆಳಕು (ಮೈಸೂರು)
ನಮ್ಮದು ಅಪಾರ್ಟ್‌ಮೆಂಟ್. ಸದ್ದಿಗೆ ಕೆಳಗಿನವರು ಬಂದು ಬೆಲ್ ಮಾಡುತ್ತಾರೆ. ಕರೆಂಟ್ ಬೇರೆ ಮಧ್ಯೆ ಹೋಗುತ್ತದೆ. ಯಾರಾದರೂ ಪರಿಹಾರ ಹೇಳಿ.

ಜಿಕೋಡ್‌ಗಿರಿ
ಸದ್ದಿಗೆ ಪ್ಲೈವುಡ್ ಪೆಟ್ಟಿಗೆ ಮಾಡಿ ಮೆಷೀನ್ ಒಳಗಿಡಿ, ತಳಕ್ಕೆ ದಪ್ಪ ರಬ್ಬರ್ ಶೀಟ್. ನೆಲಕ್ಕೆ ಇಳಿಯುವ ನಡುಕವೇ ಕೆಳಗಿನವರಿಗೆ ಕೇಳಿಸುವುದು. ಪುಡಿಯೂ ಪೆಟ್ಟಿಗೆಯೊಳಗೇ ಇರುತ್ತದೆ. ಮರದ ಪುಡಿ ಸುಮ್ನೆ ಧೂಳು ಅಂದುಕೊಳ್ಳಬೇಡಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಎನ್95 ಮಾಸ್ಕ್ ಹಾಕಿ.

ಕರೆಂಟ್ ಹೋದರೆ ಮೆಷೀನನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸುವ ಸ್ಟೆಪ್ಪರ್ ಮೋಟರಿಗೆ ತಾನು ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಓಟದ ಕೊನೆಗೆ ಲಿಮಿಟ್ ಸ್ವಿಚ್ ಹಾಕಿ ಹೋಮಿಂಗ್ (ಮೆಷೀನ್ ಆ ಸ್ವಿಚ್ ಮುಟ್ಟಿ ತನ್ನ ಮೂಲ ಜಾಗ ಹುಡುಕುವುದು) ಆನ್ ಮಾಡಿ. ಮೆಷೀನ್ ಬೋರ್ಡಿನ ಸಾಫ್ಟ್‌ವೇರ್ ಜಿಆರ್‌ಬಿಎಲ್, ಕೆಲಸದ ಸೊನ್ನೆಯ ಜಾಗವನ್ನು (ಅಳತೆ ಶುರುವಾಗುವ ಜಾಗ) ಬೋರ್ಡಿನಲ್ಲೇ ಉಳಿಸಿಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಹೋಮ್ ಮಾಡಿದರೆ ಅದೇ ಜಾಗಕ್ಕೆ ಮರಳುತ್ತದೆ.

ಹುಬ್ಬಳ್ಳಿಮಂದಿ
ಸ್ವಿಚ್ ಇಲ್ಲದವರು ಹಲಗೆಯ ಮೂಲೆಯಲ್ಲಿ ಸೊನ್ನೆಯ ಜಾಗಕ್ಕೆ ಒಂದು ಸಣ್ಣ ತೂತು ಕೊರೆಸಿ ಶುರು ಮಾಡಿ. ಕರೆಂಟ್ ಬಂದ ಮೇಲೆ ಚೂಪು ಬಿಟ್ಟನ್ನು ಆ ತೂತಿಗೆ ಇಳಿಸಿ ಮತ್ತೆ ಸೊನ್ನೆ ಒತ್ತಿದರೆ ಆಯಿತು.

ಸುಮ್ನೆಓದುವವ
ಬಾಗಿಲಿಗೆ ಜಾಲಿ ಕೊರೆಯುವ ಅಂಗಡಿಗಳಲ್ಲಿ ಎಂಟಡಿ ನಾಲ್ಕಡಿಯ ದೊಡ್ಡ ಮೆಷೀನ್ ಇರುತ್ತದಲ್ಲ, ಅಲ್ಲೇ ಮಾಡಿಸಬಹುದಲ್ವಾ?

ಉಳಿಬಾಚಿ
ಮಾಡಿಸಬಹುದು, ಆದರೆ ಒಂದೆರಡು ಸಣ್ಣ ತುಂಡಿಗೆ ಅವರು ಸೆಟ್ಟಿಂಗ್ ಬದಲಿಸಲು ಒಪ್ಪುವುದು ಕಡಿಮೆ. ಅಲ್ಲಿ ಬೀಳುವ ಚೂರು ಅಡುಗೆಮನೆಗೆ ತರಬೇಡಿ. ಹೆಚ್ಚಿನದು ಎಂಡಿಎಫ್, ಇಲ್ಲವೇ ಪಿವಿಸಿ ಬೆರೆಸಿದ ಶೀಟು.

ಮಿಲ್‌ಪಕ್ಕದವ
ಎಲ್ಲರಿಗೂ ಧನ್ಯವಾದ. ಜಾಲರಿ ಮಣೆ ಮೊದಲು, ಹಲಸಿನಲ್ಲಿ. ಚೆನ್ನೆಮಣೆಗೆ ಗೂಟದ ತೂತು ಕೊರೆಸಿ ಇಟ್ಟಿದ್ದೇನೆ. ಅಕ್ಕ, ಅಚ್ಚಿಗೆ ಯಾವ ಚಿತ್ರ ಬೇಕು? ಎಷ್ಟು ಎತ್ತರ?

ಸಾಗರದಕ್ಕ
ಆನೆ, ತುಳಸಿಕಟ್ಟೆ, ಬಾಳೆಗೊನೆ. ಎರಡು ಇಂಚಿಗಿಂತ ಎತ್ತರ ಬೇಡ, ಜಾಸ್ತಿ ದಪ್ಪ ಆದರೆ ನಡುವೆ ಗಟ್ಟಿಯಾಗಲು ತಡ. ಅಜ್ಜಿಯ ಅಚ್ಚಿನ ಫೋಟೋ ಕಳಿಸುತ್ತೇನೆ, ಸೊಂಡಿಲು ನೀವೇ ಸೇರಿಸಿಕೊಳ್ಳಿ.

ಕಡಲತಡಿ
ಚೆನ್ನೆಮಣೆಗೆ ಕಾಯಿ ಬೇಕಾದರೆ ಹೇಳಿ. ಮಂಜೊಟ್ಟಿ ಕಾಯಿ ಇಲ್ಲಿ ಮರದಡಿಯಲ್ಲಿ ಬಿದ್ದಿರುತ್ತದೆ, 56 ಎಣಿಸಿ ಕಳಿಸುತ್ತೇನೆ.

ಕಾಫಿತೋಟ
60 ಕಳಿಸಿ. ಮಕ್ಕಳಿರುವ ಮನೆ.